ಬಿದ್ದಿನನಿಗೆ ಎಷ್ಟು ಬಡಿಸಬೇಕು?

ಕಳೆದ ವಾರ ಅಚ್ಚುಮನೆಯ ಒಳಕೋಣೆಯಲ್ಲಿ ಕರಡು ತಿದ್ದುತ್ತ ಕೂತಿದ್ದಾಗ ಒಂದು ಮಾತು ಕಿವಿಗೆ ಬಿತ್ತು. ಹಳೆಯ ಡಿಟಿಪಿ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಬಿಚ್ಚಿ, ಅದರಲ್ಲಿದ್ದುದನ್ನೆಲ್ಲ ಇಡಿಯಾಗಿ ಹೊಸ ಕಂಪ್ಯೂಟರಿಗೆ ನಕಲಿಳಿಸಿಕೊಂಡಿದ್ದ ಹುಡುಗ ಮಾಲೀಕರಿಗೆ ಹೇಳುತ್ತಿದ್ದ: "ಹೊಸ ಮಿಷನ್ನು ಹೋಸ್ಟ್ ಸಾರ್, ನಿಮ್ಮ ವಿಂಡೋಸ್ 98 ಅದರೊಳಗೆ ಗೆಸ್ಟ್. ಬೇರೆಯವರ ಮನೇಲಿದೀನಿ ಅಂತ ಅದಕ್ಕೆ ಗೊತ್ತೇ ಆಗಲ್ಲ."

"ಪೇಜ್‌ಮೇಕರ್ ತೆರೆದುಕೊಂಡರೆ ಸಾಕು ಮಾರಾಯ" ಎಂದರು ಮಾಲೀಕರು. ನನಗೆ ಅಷ್ಟು ಸಾಲಲಿಲ್ಲ. ಬೇರೆಯವರ ಮನೆಯಲ್ಲಿದ್ದೇನೆಂದೇ ತಿಳಿಯದವನು ಎಂಥ ಅತಿಥಿ?

ಹಳಗನ್ನಡದಲ್ಲಿ ಬಿರ್ದು ಎಂದರೆ ಔತಣ, ಬಿದ್ದಿನ ಎಂದರೆ ಉಣ್ಣಲು ಬಂದವನು. ತೆಲುಗಿನ ವಿಂದು ಇದರ ಒಡಹುಟ್ಟು. ತಮಿಳಿನ ವಿರುಂದು ಇನ್ನೂ ಉದಾರಿ: ಔತಣ, ಅತಿಥಿ, ಹೊಸತು ಮೂರೂ ಅದೇ. ಸಂಸ್ಕೃತದ ಅತಿಥಿಗೆ 'ತಿಥಿ ಗೊತ್ತುಮಾಡದೆ ಬಂದವನು' ಎಂದು ಹರಿಕಥೆಯಲ್ಲಿ ಹೇಳುವುದುಂಟು. ಪದಗಳ ಮೂಲ ಶೋಧಿಸಿದ ಪ್ರಾಚೀನ ಯಾಸ್ಕನೋ ಆ ಪದವನ್ನು ಮನೆಮನೆಗೆ ನಡೆದು ಬರುವ ಕ್ರಿಯೆಗೂ ಜೋಡಿಸುತ್ತಾನೆ. ಲ್ಯಾಟಿನ್ನಿನ ಹೋಸ್ಪೆಸ್ ಬಂದವನೂ ಹೌದು, ಬರಮಾಡಿಕೊಂಡವನೂ ಹೌದು. ಕನ್ನಡದಲ್ಲಿ ಬರಮಾಡಿಕೊಂಡವನಿಗೆ ಬೇರೆ ಹೆಸರೇ ಇಲ್ಲ, ಅವನು ಬರಿದೇ 'ಮನೆಯವರು'. ಆತಿಥೇಯ ಎಂಬುದು ಕ್ರಿಕೆಟ್ ವರದಿಗಾರರ ಆಸ್ತಿ.

ಇಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಪಕ್ಕದಲ್ಲಿ ಕೂತಿದ್ದ ಮೇಷ್ಟರೊಬ್ಬರು ಕಂಪ್ಯೂಟರಿನೊಳಗಿನ ಈ ಕಂಪ್ಯೂಟರಿಗೆ "ವರ್ಚುವಲ್ ಮಷೀನ್, ಅಂದರೆ ಮಿಥ್ಯಾಯಂತ್ರ" ಎಂದುಬಿಟ್ಟರು. ಈ 'ಮಿಥ್ಯ' ಕೇಳಿದರೆ ನನಗೆ ಮೈ ಉರಿಯುತ್ತದೆ. ವರ್ಚುವಲ್ ಪದದ ಮೂಲವಾದ ಲ್ಯಾಟಿನ್ನಿನ ವಿರ್ಟುಸ್‌ಗೆ ಕಸುವು, ಗುಣ ಎಂದರ್ಥ. ಹೆಸರಿನಲ್ಲಿ ಇಲ್ಲದಿದ್ದರೂ ಕಸುವಿನಲ್ಲಿ ಇರುವುದು ವರ್ಚುವಲ್. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಇಂಥ ಯಂತ್ರಕ್ಕೆ ಹಾಕಿದ ಕರಾರುಗಳನ್ನೇ ನೋಡಿ: ಒಳಗಿನ ಪ್ರೋಗ್ರಾಮು ನಿಜವಾದ ಯಂತ್ರದ ಮೇಲೆ ನಡೆದಂತೆಯೇ ನಡೆಯಬೇಕು; ಅದರ ಆಜ್ಞೆಗಳಲ್ಲಿ ಬಹುಪಾಲು ನೇರವಾಗಿ ಅಸಲಿ ಪ್ರೊಸೆಸರಿನ ಮೇಲೇ ಓಡಬೇಕು; ಉಗ್ರಾಣದ ಬೀಗದ ಕೈ ಮಾತ್ರ ಮನೆಯವರ ಸೊಂಟದಲ್ಲಿರಬೇಕು. ಇದರಲ್ಲಿ ಮಿಥ್ಯ ಎಲ್ಲಿದೆ? ಹಗ್ಗದಲ್ಲಿ ಕಂಡ ಹಾವು ಯಾರನ್ನೂ ಕಚ್ಚುವುದಿಲ್ಲ. ಈ ಯಂತ್ರ ಪುಟ ಜೋಡಿಸಿಕೊಡುತ್ತದೆ.

ಉಗ್ರಾಣ ಎಂದೆನಲ್ಲ. ಹುಡುಗ ಧಾರಾಳಿ, ಮೊದಲು 2 ಜಿಬಿ ಮೆಮೊರಿ ಬಡಿಸಿದ್ದ. ಬಿದ್ದಿನ ಏಳಲೇ ಇಲ್ಲ. 512 ಎಂಬಿ ದಾಟಿದರೆ ವಿಂಡೋಸ್ 98ಕ್ಕೆ ಅಜೀರ್ಣವಂತೆ. ಎಲೆ ತೆಗೆದು 256 ಹಾಕಿದ, ಕಣ್ಣು ಬಿಟ್ಟಿತು. ಅದೂ 16 ಬಣ್ಣಗಳಲ್ಲಿ. ಹುಡುಗ ಇದಕ್ಕೆ ಬಳಸಿದ ವರ್ಚುವಲ್‌ಬಾಕ್ಸ್ ಪ್ರೋಗ್ರಾಮು ತನ್ನ ಅತಿಥಿಗಳಿಗೆಂದು ಕೊಡುವ ಉಪಚಾರದ ತಂತ್ರಾಂಶ 98ರ ಕಾಲದವರಿಗೆ ಇಲ್ಲ.

ಪೇಜ್‌ಮೇಕರ್ ತೆರೆಯಿತು. 1999ರ ನನ್ನ ಪುಸ್ತಕವೂ ತೆರೆಯಿತು, ಫಾಂಟ್ ಸಮೇತ. ಹನ್ನೊಂದನೆಯ ಪುಟದಲ್ಲಿ ಇಪ್ಪತ್ತೈದು ವರ್ಷದಿಂದ ಚುಚ್ಚುತ್ತಿರುವ ಒಂದು ತಪ್ಪಿದೆ. ತಿದ್ದಲು ಹೋದರೆ ಕನ್ನಡ ಮೂಡಲೊಲ್ಲದು. ಕನ್ನಡ ಮೂಡಿಸುವ ತಂತ್ರಾಂಶಕ್ಕೆ ಹಳೆಯ ಪೆಟ್ಟಿಗೆಯ ಬೆನ್ನಿಗೆ, ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸುತ್ತಿದ್ದ ಲಾಕ್ ಕಾಣಬೇಕು. ಹೊಸ ಕಂಪ್ಯೂಟರಿಗೆ ಆ ಪೋರ್ಟೇ ಇಲ್ಲ. ಓದಬಹುದು, ತಿದ್ದುವಂತಿಲ್ಲ.

"ಈ ಪಾಡೆಲ್ಲ ಯಾಕಪ್ಪ, ಬರೀ ಪಠ್ಯವನ್ನು ಹೊರಕ್ಕೆ ತೆಗೆದುಕೊಡು" ಎಂದೆ. ಒಂದು ಸಾಲನ್ನು ಹೊರಗಿನ ನೋಟ್‌ಪ್ಯಾಡಿಗೆ ತಂದು ತೋರಿಸಿದ. ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳ ಸಂತೆ. ಒಂದೇ ಒಂದು ಕನ್ನಡ ಅಕ್ಷರವಿಲ್ಲ.

ಅತಿಥಿಗೆ ಗೊತ್ತೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡವನಿಗೆ ಆಗ ಹೊಳೆಯಿತು, ನಾನು ಕೇಳಬೇಕಾದದ್ದು ಬೇರೆಯೇ ಇತ್ತು: ನನ್ನ ಪುಸ್ತಕ ಇರುವುದಾದರೂ ಎಲ್ಲಿ? ಕಡತದಲ್ಲಿ ಇರುವುದು ಅಕ್ಷರದ ತುಂಡುಗಳ ಅಂಕಿ: ತಲೆಕಟ್ಟಿಗೊಂದು, ಕೊಂಬಿಗೊಂದು, ಒತ್ತಿಗೊಂದು. ಯಾವ ಅಂಕಿಗೆ ಯಾವ ತುಂಡು ಎಂಬುದು ಗೊತ್ತಿರುವುದು ಆ ಫಾಂಟಿಗೆ ಮಾತ್ರ. 'ಸೂರ್ಯ' ಬರೆದರೆ ಅಲ್ಲಿ ಅರ್ಕಾವೊತ್ತು ಕಣ್ಣಿಗೆ ಕಂಡ ಹಾಗೆ ಯಕಾರದ ಹಿಂದೆ ಕೂರುತ್ತದೆ. 1991ರಿಂದಲೂ ಕನ್ನಡಕ್ಕೆ ಜಾಗವಿರುವ ಯೂನಿಕೋಡಿನಲ್ಲಿ ನಾಲಿಗೆ ನುಡಿದ ಹಾಗೆ ರಕಾರವೇ ಮೊದಲು. ಒಂದು ಕಣ್ಣಿನ ಲಿಪಿ, ಇನ್ನೊಂದು ನಾಲಿಗೆಯ ಲಿಪಿ. ನುಡಿ, ಬರಹದ ಕಡತಗಳಿಗೆ ಪರಿವರ್ತಕಗಳುಂಟು. ಈ ಫಾಂಟಿಗೆ ಒದಗುವಂಥದ್ದು ಹುಡುಗನಿಗೆ ಸಿಕ್ಕಿಲ್ಲ. ಹಾಗಾಗಿ ಒಂದು ಕಾಗದ ಓದಲು ಇಡೀ ಮನೆಯನ್ನೇ ಹೊತ್ತು ತಂದಿದ್ದೇವೆ. ನಿಜವಾದ ಬಿದ್ದಿನ ನನ್ನ ಪುಸ್ತಕ. ವಿಂಡೋಸ್ 98 ಅದರ ಬಿಡಾರ.

ಹಾರ್ಡ್‌ಡಿಸ್ಕನ್ನು ಹಳೆಯ ಪೆಟ್ಟಿಗೆಗೆ ಮರಳಿ ಕೂರಿಸಲಾಗಿದೆ, ಹನ್ನೊಂದನೆಯ ಪುಟವನ್ನು ಅಲ್ಲೇ ತಿದ್ದಿ ಬಂದೆ. ನಿಮ್ಮ ಅಟ್ಟದಲ್ಲೂ ಅಂಥದೊಂದು ಇದ್ದರೆ ಗುಜರಿಯವನಿಗೆ ಕೊಡುವ ಮೊದಲು ಡಿಸ್ಕಿನ ಪೂರ್ತಿ ನಕಲು ಮಾಡಿಸಿ. ಕಡತಗಳನ್ನಷ್ಟೇ ಆರಿಸಿಕೊಂಡರೆ ಫಾಂಟು ಅಲ್ಲೇ ಉಳಿದೀತು. ಬೆನ್ನಿನ ಲಾಕನ್ನು ದಯವಿಟ್ಟು ಎಸೆಯಬೇಡಿ.