ಫೋನ್ ಆರಿಸಿದ ಮೇಲೂ ನುಡಿಯುವ ಪೆಡಲ್

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸ ಮಾಡುತ್ತ ಎಲೆಕ್ಟ್ರಿಕ್ ಗಿಟಾರ್ ಕಲಿಯುವವರನ್ನು ಕಾಡುವುದು ಎರಡು: ಹೊತ್ತು ಮತ್ತು ಸದ್ದು. ಕಚೇರಿ ಮುಗಿದು, ಟ್ರಾಫಿಕ್ ದಾಟಿ, ಊಟವಾಗಿ ಗಿಟಾರ್ ಕೈಗೆ ಬರುವಷ್ಟರಲ್ಲಿ ರಾತ್ರಿ ಹತ್ತಾಗಿರುತ್ತದೆ. ಆ ಹೊತ್ತಿಗೆ ಆಂಪ್ಲಿಫೈಯರ್ ಹಚ್ಚಿದರೆ ಪಕ್ಕದ ಫ್ಲ್ಯಾಟಿನ ಮಗು ಎದ್ದು ಕೂರುತ್ತದೆ. ಪಿ.ಜಿ.ಯಲ್ಲಾದರೆ ರೂಮ್‌ಮೇಟ್‌ಗೆ ಬೆಳಗಿನ ಶಿಫ್ಟ್. ಉಳಿಯುವ ದಾರಿ ಹೆಡ್‌ಫೋನ್ ಒಂದೇ. ಇಂಥವರ ಕಣ್ಣು ಈಗ ಅಂಗೈಯಗಲದ ಪೆಟ್ಟಿಗೆಗಳ ಮೇಲೆ ಬಿದ್ದಿದೆ. ಹತ್ತಾರು ಪೆಡಲ್‌ಗಳ ನಾದ ಒಂದರಲ್ಲೇ ಅಡಗಿರುತ್ತದೆ, ಯಾವುದು ಬೇಕೆಂದು ಆರಿಸುವುದು ಫೋನಿನ ಆ್ಯಪ್‌ನಲ್ಲಿ. ವ್ಯಾಲೆಟಾನ್ ಜಿಪಿ-5, ಸಾನಿಕೇಕ್ ಪಾಕೆಟ್ ಮಾಸ್ಟರ್‌ನಂಥವು ಹೊರದೇಶದಲ್ಲಿ 100 ಡಾಲರಿನೊಳಗೇ ಸಿಗುತ್ತವೆ. ಇವಕ್ಕೆ ಹಣ ಹಾಕಬಹುದೇ?

ಮೊದಲು ಪೆಡಲ್ ಮಾಡುವ ಕೆಲಸವನ್ನು ನೋಡೋಣ. ಗಿಟಾರಿನಿಂದ ಹೊರಡುವ ಸಣ್ಣ ವಿದ್ಯುತ್ ಸಂಕೇತವನ್ನು ಅದು ಆಂಪ್ ಸೇರುವ ಮೊದಲೇ ಹಿಡಿದು ಒರಟಾಗಿಸುತ್ತದೆ, ಇಲ್ಲವೇ ಮಾರ್ದನಿ ಕೊಡುತ್ತದೆ, ಇಲ್ಲವೇ ಅಲೆಯಾಡಿಸುತ್ತದೆ. ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1 ಡಿಸ್ಟಾರ್ಷನ್ ಪೆಡಲ್ ಬಂದದ್ದು 1978ರಲ್ಲಿ. ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಹೊರಟದ್ದೂ ಅದೇ ವರ್ಷ. ಈ ನಡುವೆ ಎಲೆಕ್ಟ್ರಾನಿಕ್ ಸಿಟಿಯ ಚಹರೆ ಎಷ್ಟು ಸಲ ಬದಲಾಯಿತೋ! ಡಿಎಸ್-1 ಮಾತ್ರ ಮೂರು ನಾಬ್, ಒಂದು ಸ್ವಿಚ್ಚಿನೊಂದಿಗೆ ಇವತ್ತಿಗೂ ತಯಾರಾಗುತ್ತಿದೆ. ಆ್ಯಪ್ ಪೆಡಲಿನ ಬೆಲೆಯನ್ನು ತೂಗುವಾಗ ತಕ್ಕಡಿಯ ಆಚೆ ತಟ್ಟೆಯಲ್ಲಿ ಕೂತಿರುವುದು ಈ ಬಾಳಿಕೆ.

ಆ್ಯಪ್ ಪೆಡಲ್ ಎಂಬ ಹೆಸರಿನಡಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ, ಕೊಳ್ಳುವವರು ಎಡವುವುದು ಇಲ್ಲೇ. ಒಂದರಲ್ಲಿ ನಾದ ಹುಟ್ಟುವುದು ಫೋನಿನೊಳಗೆ, ಹೊರಗಿನ ಸಾಧನ ಗಿಟಾರಿನ ತಂತಿಯನ್ನು ಫೋನಿಗೆ ಜೋಡಿಸುವ ಕೊಂಡಿಯಷ್ಟೆ. ಇನ್ನೊಂದರಲ್ಲಿ ನಾದ ಕಟ್ಟುವ ಚಿಪ್ ಪೆಟ್ಟಿಗೆಯಲ್ಲೇ ಇರುತ್ತದೆ. ಆ್ಯಪ್ ಅದರ ನಾಬ್‌ಗಳ ಬದಲಿಗೆ ಬಂದದ್ದು. ಮೊದಲನೆಯದಕ್ಕೆ ಬೇಕಾಗುವ ದುಡ್ಡು ಕಡಿಮೆ, ತೊಂದರೆ ಹೆಚ್ಚು. ತಂತಿ ಮೀಟಿದ ಗಳಿಗೆಗೂ ಕಿವಿಗೆ ಕೇಳುವ ಗಳಿಗೆಗೂ ನಡುವಿನ ವಿಳಂಬ ಅಲ್ಲಿ ಎದ್ದು ಕಾಣುತ್ತದೆ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಾಗಾಗಿ 10 ಮಿಲಿಸೆಕೆಂಡ್ ವಿಳಂಬವೆಂದರೆ ಆಂಪ್ ಅನ್ನು ಸುಮಾರು ಮೂರೂವರೆ ಮೀಟರ್ ದೂರ ಇಟ್ಟು ನುಡಿಸಿದಂತೆ. ಅಷ್ಟನ್ನು ಕೈ ಸಹಿಸುತ್ತದೆ. ಆದರೆ ಆಂಡ್ರಾಯ್ಡ್ ಫೋನುಗಳಲ್ಲಿ ಇದು ಮಾಡೆಲಿನಿಂದ ಮಾಡೆಲಿಗೆ ಬೇರೆ, ಕೆಲವದರಲ್ಲಿ ವೇಗದ ಪಾಠ ನುಡಿಸಲೇ ಆಗದು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರಂತೂ ವಿಳಂಬ ನೂರು ಮಿಲಿಸೆಕೆಂಡ್ ದಾಟುವುದು ಮಾಮೂಲು, ಕಲಿಯುವವರ ಲಯವೇ ಕೆಡುತ್ತದೆ. ಪೆಟ್ಟಿಗೆಯೊಳಗೇ ಚಿಪ್ ಇರುವ ಎರಡನೇ ಬಗೆಯಲ್ಲಿ ವಿಳಂಬ ಕೆಲವೇ ಮಿಲಿಸೆಕೆಂಡು. ತಂತಿಯ ಹೆಡ್‌ಫೋನ್ ಚುಚ್ಚಿ ನುಡಿಸಿದರೆ ಗೊತ್ತೇ ಆಗದು. ಮುಂದಿನ ಮಾತೆಲ್ಲ ಈ ಎರಡನೇ ಬಗೆಯ ಬಗ್ಗೆ.

ಲೆಕ್ಕ ಹಾಕಿದರೆ ಇದರ ಪರವಾದ ವಾದಕ್ಕೆ ಬಲವಿದೆ. ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್, ಟ್ಯೂನರ್ ಬಿಡಿಬಿಡಿಯಾಗಿ ಕೊಂಡರೆ ಒಂದೊಂದಕ್ಕೂ ಐದಾರು ಸಾವಿರದಿಂದ ಹದಿನೈದಿಪ್ಪತ್ತು ಸಾವಿರದವರೆಗೆ ಬೀಳುತ್ತದೆ. ಅವುಗಳ ನಡುವಿನ ಕೇಬಲ್, ಪವರ್ ಸಪ್ಲೈ, ಹೊರುವ ಬೋರ್ಡು ಬೇರೆ. ಇಷ್ಟೆಲ್ಲ ಮಾಡಿದರೂ ಹೆಡ್‌ಫೋನಿನಲ್ಲಿ ಕೇಳಲು ಸ್ಪೀಕರ್ ಕ್ಯಾಬಿನೆಟ್ಟಿನ ನಾದವನ್ನು ಅನುಕರಿಸುವ ಇನ್ನೊಂದು ಸಾಧನ ಬೇಕು, ಇಲ್ಲದಿದ್ದರೆ ಡಿಸ್ಟಾರ್ಷನ್ ಜೀರುಂಡೆ ಕೂಗಿದಂತೆ ಕೇಳುತ್ತದೆ. ಆ್ಯಪ್ ಪೆಡಲಿನಲ್ಲಿ ಇವೆಲ್ಲ ಒಟ್ಟಿಗೇ ಬರುತ್ತವೆ. ಯುಎಸ್‌ಬಿಯಿಂದ ನಡೆಯುವುದಾದರೆ ಪವರ್ ಬ್ಯಾಂಕ್ ಸಾಕು, ಕರೆಂಟು ಹೋದರೂ ಅಭ್ಯಾಸ ನಿಲ್ಲದು. ಚೀಲದ ಮೂಲೆಯಲ್ಲಿಟ್ಟುಕೊಂಡು ಮೆಟ್ರೊ ಹತ್ತಬಹುದು.

ಇದರಿಂದ ನಿಜವಾದ ಲಾಭ ಆಗುವುದು ಟೆಕ್ಕಿಗಿಂತ ಹೆಚ್ಚಾಗಿ ಆರ್ಕೆಸ್ಟ್ರಾದ ಗಿಟಾರ್ ವಾದಕನಿಗೆ ಎಂದು ನನಗೆ ಅನ್ನಿಸುತ್ತದೆ. ಗಣೇಶನ ಹಬ್ಬದಿಂದ ನವೆಂಬರಿನ ರಾಜ್ಯೋತ್ಸವ ಮುಗಿಯುವವರೆಗೆ ಪೀಣ್ಯ, ದಾಸರಹಳ್ಳಿ ಕಡೆಯ ಪೆಂಡಾಲುಗಳಲ್ಲಿ ರಸಮಂಜರಿ ನಡೆಯುತ್ತಲೇ ಇರುತ್ತದೆ. ರಾಜನ್-ನಾಗೇಂದ್ರರ ಮೃದುವಾದ ಹಾಡೊಂದು ಮುಗಿದ ಮರುಕ್ಷಣ 1981ರ ‘ಗೀತಾ’ ಚಿತ್ರದ ಇಳಯರಾಜ ಹಾಡು, ಅದರ ಬೆನ್ನಿಗೇ ಮೊನ್ನೆ ತೆರೆಕಂಡ ಚಿತ್ರದ ಅಬ್ಬರದ ಟೈಟಲ್ ಟ್ರ್ಯಾಕ್. ನಿರೂಪಕರು ಮುಂದಿನ ಹಾಡನ್ನು ಕೂಗುವಷ್ಟರಲ್ಲಿ ಬಗ್ಗಿ ನಾಲ್ಕು ಪೆಡಲಿನ ನಾಬ್ ತಿರುಗಿಸಲಾಗದು. ಮನೆಯಲ್ಲಿ ಆ್ಯಪ್ ಹಿಡಿದು ಹಾಡಿಗೊಂದು ಪ್ರೀಸೆಟ್ ಮಾಡಿಟ್ಟುಕೊಂಡವನು ಕಾಲಿನಿಂದ ಒಮ್ಮೆ ಒತ್ತಿ ಮುಂದೆ ಹೋಗುತ್ತಾನೆ. ಅದೂ ಒಂದೊಂದು ಕಾರ್ಯಕ್ರಮದ ಸಂಭಾವನೆ ಎಣಿಸಿ ವಾದ್ಯ ಕೊಳ್ಳಬೇಕಾದವನು. ಆ್ಯಪ್ ಪೆಡಲ್ ಎಂದರೆ ಆಟಿಕೆ ಎಂದು ಮೂಗು ಮುರಿಯುವವರು ಇವರನ್ನು ನೆನೆಯಬೇಕು.

ಇನ್ನು ಆಚೆ ಕಡೆ. ಐಕೆ ಮಲ್ಟಿಮೀಡಿಯಾದ ಐರಿಗ್ 2010ರಲ್ಲಿ ಬಂದಾಗ ಗಿಟಾರನ್ನು ಫೋನಿನ ಹೆಡ್‌ಫೋನ್ ತೂತಿಗೆ ಜೋಡಿಸುತ್ತಿತ್ತು. 2016ರ ಐಫೋನ್ 7ರಲ್ಲಿ ಆ ತೂತೇ ಇರಲಿಲ್ಲ. 2012ರಲ್ಲಿ ಡಿಜಿಟೆಕ್ ಕಂಪನಿ ಐಸ್ಟಾಂಪ್ ಎಂಬ ಪೆಡಲ್ ತಂದಿತು. ಬೇಕಾದ ಎಫೆಕ್ಟನ್ನು ಐಫೋನಿನ ಆ್ಯಪ್‌ನಲ್ಲಿ ಕೊಂಡು ಕೇಬಲ್ ಮೂಲಕ ಪೆಡಲಿಗೆ ತುಂಬಬೇಕಿತ್ತು. ಅದೇ ವರ್ಷ ಆ್ಯಪಲ್ ತನ್ನ ಹಳೆಯ 30 ಪಿನ್ನಿನ ಕೊಂಡಿಯನ್ನು ಬಿಟ್ಟುಬಿಟ್ಟಿತು. 2017ರ ಐಒಎಸ್ 11 ಬಂದಾಗ 32 ಬಿಟ್‌ನ ಆ್ಯಪ್‌ಗಳೆಲ್ಲ ತೆರೆಯದಾದವು. ಐಸ್ಟಾಂಪ್ ಪೆಟ್ಟಿಗೆ ಕೆಡಲಿಲ್ಲ, ಹೊಸ ಫೋನಿಗೆ ಬದಲಾದವರ ಕೈಯಲ್ಲಿ ಕೊನೆಗೆ ತುಂಬಿದ್ದ ನಾದವನ್ನು ನುಡಿಸುವುದು ಮಾತ್ರ ಅದಕ್ಕೆ ಉಳಿಯಿತು. ಪೆಡಲಿನ ಆಯುಷ್ಯವನ್ನು ಫೋನಿನ ಆಯುಷ್ಯಕ್ಕೆ ಕಟ್ಟಿದರೆ ಆಗುವುದು ಹೀಗೆ. ಇದಕ್ಕೆ ವಿರುದ್ಧವಾದ ಜಾಣತನವೂ ಆ ಕಾಲದಲ್ಲೇ ಇತ್ತು. ಟಿಸಿ ಎಲೆಕ್ಟ್ರಾನಿಕ್‌ನ ಟೋನ್‌ಪ್ರಿಂಟ್ ಪೆಡಲ್‌ಗಳಲ್ಲಿ, 2011ರಿಂದ, ಫೋನನ್ನು ಗಿಟಾರಿನ ಪಿಕಪ್ಪಿಗೆ ಹತ್ತಿರ ಹಿಡಿದರೆ ಹೊಸ ನಾದದ ಮಾಹಿತಿ ಪೆಡಲಿಗೆ ಇಳಿಯುತ್ತದೆ. ಫೋನ್ ಇಲ್ಲದಿದ್ದರೂ ಮೇಲಿನ ನಾಬ್‌ಗಳು ಎಂದಿನಂತೆ ತಿರುಗುತ್ತವೆ, ಪೆಡಲ್ ಪೆಡಲಾಗಿಯೇ ಉಳಿಯುತ್ತದೆ.

ರಿಪೇರಿಯ ಮಾತು ಇನ್ನೂ ಗಟ್ಟಿ. ಹಳೆಯ ಅನಲಾಗ್ ಪೆಡಲ್ ಬಿಚ್ಚಿದರೆ ಒಳಗಿರುವುದು ರೆಸಿಸ್ಟರ್, ಕೆಪಾಸಿಟರ್, ಒಂದೆರಡು ಐಸಿ. ಎಸ್.ಪಿ. ರೋಡಿಗೆ ಹೋದರೆ ಬಿಡಿಭಾಗಕ್ಕೆ ಹತ್ತಿಪ್ಪತ್ತು ರೂಪಾಯಿ ಸಾಕು, ಸೋಲ್ಡರಿಂಗ್ ಬಲ್ಲ ಕೈ ಬೇಕು, ಅಷ್ಟೆ. ಪೀಣ್ಯದಲ್ಲಿ ಲೋಹದ ಪೆಟ್ಟಿಗೆ ಕೊರೆದು ಪೌಡರ್ ಕೋಟಿಂಗ್ ಮಾಡುವ ಶೆಡ್ಡುಗಳಿವೆ. ಆಸಕ್ತಿಯುಳ್ಳವರು ಇಡೀ ಪೆಡಲನ್ನು ಇದೇ ಊರಿನಲ್ಲಿ ಕಟ್ಟಬಹುದು. ಆ್ಯಪ್ ಪೆಡಲಿನ ಬೋರ್ಡು ಅಕ್ಕಿಕಾಳಿಗಿಂತ ಸಣ್ಣ ಭಾಗಗಳಿಂದ ತುಂಬಿರುತ್ತದೆ. ಚಿಪ್ ಹೋದರೆ ಪೆಟ್ಟಿಗೆಯೇ ಹೋದಂತೆ. ಹಾಗಾಗಿ ಮರುಮಾರಾಟದಲ್ಲೂ ಮೂರು ವರ್ಷದ ಹಳೆಯ ಡಿಜಿಟಲ್ ಪೆಟ್ಟಿಗೆಗಿಂತ ಹತ್ತು ವರ್ಷದ ಅನಲಾಗ್ ಪೆಡಲಿಗೆ ಬೆಲೆ ಗಟ್ಟಿಯಾಗಿ ನಿಲ್ಲುತ್ತದೆ.

ಕಲಿಕೆಯ ವಿಷಯದಲ್ಲಿ ನನ್ನ ಮನಸ್ಸು ಅನಲಾಗ್ ಕಡೆಗೇ ವಾಲುತ್ತದೆ. ಮೂರು ನಾಬ್ ಇದ್ದರೆ ಕಿವಿ ಮೂರನ್ನೂ ಕಲಿಯುತ್ತದೆ, ಗೇನ್ ಎಷ್ಟಾದರೆ ಸ್ವರ ಕಲಸಿಹೋಗುತ್ತದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಫೋನ್ ಪರದೆಯಲ್ಲಿ ನೂರು ಪ್ರೀಸೆಟ್ ಸಾಲಾಗಿ ನಿಂತರೆ ಸಿಕ್ಕ ಒಂದು ಗಂಟೆ ಹುಡುಕಾಟದಲ್ಲೇ ಕಳೆಯುತ್ತದೆ, ನಡುವೆ ಆಫೀಸಿನ ಮೆಸೇಜು ಬೇರೆ. ಆದರೂ ನೂರು ನಾದ ಕೇಳಿದವರಿಗೆ ತಮಗೆ ಬೇಕಾದ್ದು ಯಾವುದೆಂದು ತಿಳಿಯುತ್ತದೆ ಎಂಬ ಮಾತನ್ನು ತಳ್ಳಿಹಾಕಲಾರೆ. ಡಿಲೇ ಪೆಡಲಿಗೆ ಹನ್ನೆರಡು ಸಾವಿರ ಕೊಟ್ಟು, ತನ್ನ ಸಂಗೀತಕ್ಕೆ ಅದು ಬೇಡವೆಂದು ಆಮೇಲೆ ಅರಿಯುವುದಕ್ಕಿಂತ ಆ್ಯಪ್‌ನಲ್ಲಿ ಮೊದಲು ಕೇಳಿ ನೋಡುವುದು ಮೇಲು.

ಈ ಜಗಳಕ್ಕೆ ನಮ್ಮಲ್ಲೇ ಒಂದು ಹಳೆಯ ಪೀಠಿಕೆ ಇದೆ. ಎಚ್.ಎ.ಎಲ್.ನಲ್ಲಿ ಎಂಜಿನಿಯರಾಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರು ಕಟ್ಟಿದ ರೇಡಲ್ ಕಂಪನಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೇರೂರಿತು. ನಾಲ್ಕು ತಂತಿಯ ತಂಬೂರಿಯ ಜೀವಾಳ ಪೆಟ್ಟಿಗೆಯಿಂದ ಬರುವುದೇ ಎಂಬುದು ಆಗಿನ ಪ್ರಶ್ನೆ. ಇಂದು ಪೆಟ್ಟಿಗೆಯ ಜಾಗಕ್ಕೂ ಫೋನಿನ ತಂಬೂರಿ ಆ್ಯಪ್ ಬಂದಿದೆ. ಕಲಿಯುವ ಮಕ್ಕಳಿಗೆ ಅದು ದೊಡ್ಡ ಉಪಕಾರ, ಬಾಡಿಗೆ ಕೋಣೆಯಲ್ಲೂ ಶ್ರುತಿ ಸಿಗುತ್ತದೆ. ಆದರೂ ಕಛೇರಿಗೆ ಹೋಗುವ ಎಷ್ಟೋ ಗಾಯಕರು ಶ್ರುತಿಪೆಟ್ಟಿಗೆಯನ್ನು ಜೊತೆಗೆ ಒಯ್ಯುತ್ತಾರೆ. ಆಲಾಪನೆಯ ನಡುವೆ ಯಾರದೋ ಕರೆ ಬಂದು ಶ್ರುತಿ ನಿಂತರೆ ಸಭೆಯ ಮುಂದೆ ಮಾಡುವುದೇನು? ರಾಜನಾರಾಯಣರ ಪೆಟ್ಟಿಗೆಯಲ್ಲಿ ಶ್ರುತಿಯನ್ನು ತಿರುಗಿಸಿಯೇ ಕೂಡಿಸಬಹುದು. ಗಿಟಾರ್ ಪೆಡಲಿನಿಂದಲೂ ನಾನು ಕೇಳುವುದು ಇಷ್ಟನ್ನೇ.

ಆದ್ದರಿಂದ ರಾತ್ರಿ ಹೆಡ್‌ಫೋನಿನಲ್ಲಿ ಕಲಿಯುವವರಿಗೆ, ಹಾಡಿಗೊಂದು ನಾದ ಬೇಕಾದ ಆರ್ಕೆಸ್ಟ್ರಾದವರಿಗೆ, ಈ ಪೆಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನಾಲ್ಕೈದು ವರ್ಷ ಬಾಳುವ ವಸ್ತು ಎಂದೇ ಎಣಿಸಿ ಕೊಳ್ಳಬೇಕು, ಅದಕ್ಕಿಂತ ಹೆಚ್ಚಿನ ಬೆಲೆ ಕಟ್ಟಬಾರದು. ಅಂಗಡಿಯಲ್ಲಿ ಫೋನ್ ಆರಿಸಿ ಹತ್ತು ನಿಮಿಷ ನುಡಿಸಿ ನೋಡಬೇಕು. ಪ್ರೀಸೆಟ್ ಬದಲಿಸಲು, ದನಿ ಏರಿಸಿ ಇಳಿಸಲು ಪೆಟ್ಟಿಗೆಯ ಮೇಲೇ ದಾರಿಯಿಲ್ಲದಿದ್ದರೆ, ಅದು ಎಷ್ಟು ಅಗ್ಗವಾಗಿದ್ದರೂ, ನಾನು ಕೊಳ್ಳು ಎನ್ನಲಾರೆ. ದಿನವೂ ಬೇಕೆನಿಸುವ ನಾದ ಯಾವುದೆಂದು ಖಚಿತವಾದವರು ಆ ಒಂದನ್ನು ಅನಲಾಗ್ ಪೆಡಲಾಗಿ ಕೊಂಡರೆ ಒಳ್ಳೆಯದು, ಅದು ಮಕ್ಕಳ ಕಾಲಕ್ಕೂ ನುಡಿದೀತು.

ಆ್ಯಪ್ ಸತ್ತ ಮೇಲೆ ಪೆಡಲ್ ಸಾಯಲೇಬೇಕೆಂಬ ನಿಯಮವೇನೂ ಇಲ್ಲ. 1983ರ ಮಿಡಿ ಸಂಪರ್ಕ ಪದ್ಧತಿ ಎಲ್ಲ ಕಂಪನಿಗಳಿಗೂ ಒಂದೇ ಆಗಿದ್ದರಿಂದ ಆ ಕಾಲದ ಕೀಬೋರ್ಡು ಇವತ್ತಿನ ಕಂಪ್ಯೂಟರಿನೊಂದಿಗೂ ಮಾತಾಡುತ್ತದೆ. 2012ರ ಜೂಮ್ ಎಂಎಸ್-50ಜಿ ಪೆಡಲಿಗೆ ಬಳಕೆದಾರರೇ ಕೂತು ಎಡಿಟರ್ ತಂತ್ರಾಂಶ ಬರೆದುಕೊಂಡರು. ಆಂಪ್‌ಗಳ ನಾದವನ್ನು ಅನುಕರಿಸುವ, ಸ್ಟೀವನ್ ಆಟ್ಕಿನ್ಸನ್ ಆರಂಭಿಸಿದ ನ್ಯೂರಲ್ ಆಂಪ್ ಮಾಡೆಲರ್ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಇಂಥ ಕೆಲಸ ಬಲ್ಲವರು ಹೊಸೂರು ರಸ್ತೆಯ ಕಟ್ಟಡಗಳಲ್ಲಿ ಹಗಲೆಲ್ಲ ಬೇರೆಯವರ ಕೋಡ್ ಬರೆಯುತ್ತ, ರಾತ್ರಿ ಗಿಟಾರ್ ಹಿಡಿಯುತ್ತಿದ್ದಾರೆ. ತಮ್ಮ ಪೆಡಲ್ ಯುಎಸ್‌ಬಿಯಲ್ಲಿ ಯಾವ ಭಾಷೆ ಆಡುತ್ತದೆ ಎಂಬ ವಿವರವನ್ನು ಕಂಪನಿಗಳು ಪ್ರಕಟಿಸಲಿ ಎಂದು ಕೊಳ್ಳುವ ಮೊದಲೇ ಒತ್ತಾಯಿಸುವ ಶಕ್ತಿ ಅವರಿಗಿದೆ. ಪ್ರಕಟಿಸದಿದ್ದರೆ ಕಂಡುಹಿಡಿದು ಬರೆಯುವ ಶಕ್ತಿಯೂ ಇದೆ.