ಅಡ್ಡಗೋಡೆಯ ಮೇಲೆ ಬ್ಯಾಂಕಿನ ದೀಪ

ಈ ಸಲ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ವಿಷಯ, ಬ್ಯಾಂಕುಗಳು "ಸಾಲ ಕೊಡುವುದಿಲ್ಲ" ಎಂದು ಹೇಳಲು ಬರೆಯುವ ಪತ್ರ. ನಾನೂ ಬ್ಯಾಂಕಿನವನೇ, ಹಾಗಾಗಿ ಯಾರೋ ಹೊರಗಿನವನು ಬೈದ ಅಂತ ಅಂದುಕೊಳ್ಳಬೇಡಿ.

ಆ ಪತ್ರ ನೀವೂ ನೋಡಿರುತ್ತೀರಿ. ಮೊದಲ ಪ್ಯಾರಾದಲ್ಲಿ ನಮ್ಮ ಬ್ಯಾಂಕನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ. ಎರಡನೆಯದರಲ್ಲಿ ನಿಮ್ಮಂಥ ಗ್ರಾಹಕರು ನಮಗೆಷ್ಟು ಅಮೂಲ್ಯ ಎಂಬ ವರ್ಣನೆ. ಮೂರನೆಯದರಲ್ಲಿ, "ಆಂತರಿಕ ಮಾನದಂಡಗಳ ಪ್ರಕಾರ ಪ್ರಸ್ತುತ ತಮ್ಮ ಅರ್ಜಿಯನ್ನು ಪರಿಗಣಿಸಲು ಸಾಧ್ಯವಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ". ಕೊನೆಗೆ, ಮುಂದೆಯೂ ಸೇವೆಗೆ ಅವಕಾಶ ಕೊಡಿ ಎಂಬ ಪ್ರಾರ್ಥನೆ. ಯಾವ ಸೇವೆ ಸ್ವಾಮಿ? ಕೇಳಿದ ಸೇವೆಯನ್ನು ಕೊಡಲಿಲ್ಲವಲ್ಲ!

ಬಿಕಾಂನಲ್ಲಿ ಬಿಸಿನೆಸ್ ಕರೆಸ್ಪಾಂಡೆನ್ಸ್ ಓದಿದವರಿಗೆ ಇದು ಗೊತ್ತಿರುತ್ತದೆ. ಕೆಟ್ಟ ಸುದ್ದಿಯ ಪತ್ರಕ್ಕೆ ಮೊದಲು ಒಂದು "ಬಫರ್" ಇರಬೇಕು, ಆಮೇಲೆ ಕಾರಣ, ಆಮೇಲೆ ಸುದ್ದಿ, ಕೊನೆಗೆ ಸದ್ಭಾವನೆಯ ಮಾತು. ಚರ್ಚ್‌ಗೇಟ್‌ನಲ್ಲಿ ಹಳಿ ಮುಗಿಯುವ ಕಡೆ ಇರುತ್ತದಲ್ಲ, ಅದೇ ಬಫರ್. ಡಿಕ್ಕಿಯ ಪೆಟ್ಟು ಕಡಿಮೆ ಮಾಡುವುದಕ್ಕೆ. ಪುಸ್ತಕದ ಸೂತ್ರದಲ್ಲಿ ತಪ್ಪಿಲ್ಲ. ಆದರೆ ನಮ್ಮವರು ನಾಲ್ಕರಲ್ಲಿ ಮೂರನ್ನು ಇಟ್ಟುಕೊಂಡು, ಮುಖ್ಯವಾದ "ಕಾರಣ"ವನ್ನೇ ಕೈಬಿಟ್ಟರು. ಉಳಿದದ್ದು ಬರೀ ಬೆಣ್ಣೆ, ರೊಟ್ಟಿಯೇ ಇಲ್ಲ.

ಇದನ್ನು ನಯ, ಸೌಜನ್ಯ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇದು ಬರೆಯುವವನ ಸುರಕ್ಷತೆ. ಕಾರಣ ಬರೆದರೆ ಗ್ರಾಹಕ ನಾಳೆ ಬಂದು ಪ್ರಶ್ನೆ ಕೇಳುತ್ತಾನೆ, ಮೇಲಿನವರು ವಿವರಣೆ ಕೇಳುತ್ತಾರೆ. ಅದರ ಬದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟುಬಿಟ್ಟರೆ ಆಯಿತು, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಸಾಯುವವನು ಅರ್ಜಿದಾರ ಮಾತ್ರ.

ಉತ್ಪ್ರೇಕ್ಷೆ ಅನ್ನಿಸಿದರೆ ಒಂದು ಉದಾಹರಣೆ ಕೇಳಿ. ಡೊಂಬಿವಲಿ ಕಡೆ ಊಟದ ಮೆಸ್ ನಡೆಸುವ ನಮ್ಮೂರ ಕಡೆಯವರೊಬ್ಬರು ಇಂಥದ್ದೇ ಪತ್ರ ಹಿಡಿದು ನನ್ನ ಹತ್ತಿರ ಬಂದಿದ್ದರು. ಬೇರೆ ಬ್ಯಾಂಕಿನದು. ಅವರಿಗೆ ಅರ್ಥವಾಗಿದ್ದು "ಪ್ರಸ್ತುತ" ಎಂಬ ಒಂದೇ ಶಬ್ದ. ಈಗ ಇಲ್ಲ, ದೀಪಾವಳಿ ಹೊತ್ತಿಗೆ ಕೊಡ್ತಾರೆ ಅಂದುಕೊಂಡು ಹೊಸ ಜಾಗಕ್ಕೆ ಅಡ್ವಾನ್ಸ್ ಕೊಡಲು ಹೊರಟಿದ್ದರು! ಕ್ರೆಡಿಟ್ ರಿಪೋರ್ಟ್ ತೆಗೆಸಿದೆವು. ಎಷ್ಟೋ ವರ್ಷದ ಹಿಂದಿನ ಒಂದು ಕ್ರೆಡಿಟ್ ಕಾರ್ಡು. ಬಾಕಿಯಲ್ಲಿ ಒಂದಷ್ಟು ಕಟ್ಟಿಸಿಕೊಂಡು ಉಳಿದದ್ದನ್ನು ಬಿಟ್ಟಿದ್ದರು. ಇವರ ಲೆಕ್ಕದಲ್ಲಿ ಅದು ಮುಗಿದ ಕಥೆ. ರಿಪೋರ್ಟಿನಲ್ಲಿ ಮಾತ್ರ "ಸೆಟಲ್ಡ್" ಎಂದಿತ್ತು. "ಕ್ಲೋಸ್ಡ್" ಬೇರೆ, "ಸೆಟಲ್ಡ್" ಬೇರೆ. ಪೂರ್ತಿ ಕಟ್ಟಲಿಲ್ಲ ಎಂದೇ ಸಾಲ ಕೊಡುವವರು ಅದನ್ನು ಓದುತ್ತಾರೆ. ಉಳಿದದ್ದನ್ನು ಕಟ್ಟಿ, ನೋ ಡ್ಯೂಸ್ ಪತ್ರ ಪಡೆದು, ದಾಖಲೆ ಸರಿಪಡಿಸಿಕೊಳ್ಳಬಹುದಾದ ವಿಷಯ. ಆ ಪತ್ರದಲ್ಲಿ ಒಂದೇ ಒಂದು ಸಾಲು ಬರೆದಿದ್ದರೆ ಅವರ ಆರು ತಿಂಗಳು ಉಳಿಯುತ್ತಿತ್ತು.

"ಹಾಗಾದರೆ ಕಡ್ಡಿ ಮುರಿದ ಹಾಗೆ ಮುಖಕ್ಕೆ ಹೇಳಬೇಕಾ?" ಅಂತ ಕೇಳುವವರಿದ್ದಾರೆ. ಇಲ್ಲ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಟರ್ ಡಾಟ್ ಕಾಮ್‌ನ ಮುಖ್ಯಸ್ಥ ವಿಶಾಲ್ ಗರ್ಗ್ ಒಂದೇ ಝೂಮ್ ಕರೆಯಲ್ಲಿ ಸುಮಾರು 900 ಜನರನ್ನು ಕೆಲಸದಿಂದ ತೆಗೆದರು. ಸುದ್ದಿಯೇನೋ ಸ್ಪಷ್ಟವಾಗಿತ್ತು, ಆದರೆ ಹೇಳಿದ ರೀತಿಗೆ ಆಮೇಲೆ ಅವರೇ ಕ್ಷಮೆ ಕೇಳಬೇಕಾಯಿತು. ಇನ್ನೊಂದು ತುದಿ ನೋಡಿ. 2014ರ ಜುಲೈನಲ್ಲಿ ಮೈಕ್ರೋಸಾಫ್ಟ್‌ನ ಸ್ಟೀಫನ್ ಎಲಾಪ್ ನೌಕರರಿಗೆ ಬರೆದ ಪತ್ರ "ಹಲೋ ದೇರ್" ಎಂದು ಶುರುವಾಗಿ, ಪ್ಯಾರಾ ಮೇಲೆ ಪ್ಯಾರಾ ಫೋನುಗಳ ಭವಿಷ್ಯದ ಬಗ್ಗೆ ಕೊರೆದು, ಆಮೇಲೆ 12,500 ಜನರ ಕೆಲಸ ಹೋಗುವ ಸುದ್ದಿ ಹೇಳಿತು. ಜಗತ್ತೇ ಆಡಿಕೊಂಡಿತು. ಒಬ್ಬರಿಗೆ ಎದುರಿನವರ ನೋವು ಕಾಣಲಿಲ್ಲ, ಇನ್ನೊಬ್ಬರಿಗೆ ಅವರ ಬುದ್ಧಿ ಕಾಣಲಿಲ್ಲ.

ನಯ ಅಂದರೆ ಏನು ಹಾಗಾದರೆ? ನನ್ನ ಪ್ರಕಾರ ಇಷ್ಟೇ: "ತಾವು ಕೇಳಿದ 4 ಲಕ್ಷ ರೂಪಾಯಿ ಸಾಲವನ್ನು ಮಂಜೂರು ಮಾಡಿಲ್ಲ. ಕ್ರೆಡಿಟ್ ವರದಿಯಲ್ಲಿ ಹಳೆಯ ಕಾರ್ಡೊಂದು ಸೆಟಲ್ಡ್ ಎಂದಿರುವುದು ಮುಖ್ಯ ಕಾರಣ. ಅದು ಸರಿಹೋದ ಮೇಲೆ ಹೊಸ ಅರ್ಜಿ ಕೊಡಬಹುದು. ಸಂದೇಹವಿದ್ದರೆ ಶಾಖೆಗೆ ಬನ್ನಿ, ವಿವರಿಸುತ್ತೇವೆ." ನಾಲ್ಕು ವಾಕ್ಯ. ಇದರಲ್ಲಿ ಅವಮಾನ ಎಲ್ಲಿದೆ? ವಿಷಾದ ಎಂಬ ಶಬ್ದವೇ ಇಲ್ಲ, ಆದರೂ ಮರ್ಯಾದೆ ಇದೆ.

ತಮಾಷೆ ಏನೆಂದರೆ, ಇದು ನನ್ನ ಆದರ್ಶವಲ್ಲ, ನಿಯಮವೇ. ರಿಸರ್ವ್ ಬ್ಯಾಂಕು 2003ರ ನ್ಯಾಯೋಚಿತ ವ್ಯವಹಾರ ಸಂಹಿತೆಯಲ್ಲೇ 2 ಲಕ್ಷದವರೆಗಿನ ಸಣ್ಣ ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದಿತು. 2007ರಲ್ಲಿ ಮೊತ್ತದ ಮಿತಿ ತೆಗೆದು ಎಲ್ಲ ಸಾಲಗಳಿಗೂ, ಕ್ರೆಡಿಟ್ ಕಾರ್ಡ್ ಅರ್ಜಿಗಳಿಗೂ ವಿಸ್ತರಿಸಿತು. "ಆಂತರಿಕ ಮಾನದಂಡ" ಎಂಬುದು ಕಾರಣವೇ? ಹೋಟೆಲಿನಲ್ಲಿ ದೋಸೆ ಯಾಕಿಲ್ಲ ಅಂದರೆ "ಅಡುಗೆಮನೆಯ ಕಾರಣ" ಅಂದ ಹಾಗಾಯಿತು. ನಿಯಮವನ್ನು ಅಕ್ಷರದಲ್ಲಿ ಪಾಲಿಸಿ ಅರ್ಥದಲ್ಲಿ ಕೊಲ್ಲುವುದು ಅಂದರೆ ಇದೇ.

ಪರಊರಲ್ಲಿರುವ ನಮ್ಮವರಿಗೆ ಪೆಟ್ಟು ಇನ್ನೂ ಜಾಸ್ತಿ. ಊರಲ್ಲಾದರೆ ಮ್ಯಾನೇಜರ್ ಬಾಯಿಮಾತಲ್ಲಿ ಕಾರಣ ಹೇಳುತ್ತಾನೆ, ಅವನ ಧ್ವನಿಯಿಂದಲೇ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ನಮ್ಮ "ನೋಡೋಣ" ಆಗಲಿ ಮರಾಠಿಯ "ಬಘೂಯಾ" ಆಗಲಿ, ಹೆಚ್ಚಿನ ಸಲ "ಇಲ್ಲ" ಅಂತಲೇ ಅರ್ಥ ಅನ್ನುವುದು ಇಲ್ಲಿ ಇಪ್ಪತ್ತೈದು ವರ್ಷ ಕಳೆದವರಿಗೆ ಗೊತ್ತು. ಇಂಗ್ಲಿಷ್ ಪತ್ರಕ್ಕೆ ಧ್ವನಿ ಎಲ್ಲಿದೆ? ಮುಂಬಯಿಯ ಬ್ಯಾಂಕು ಕನ್ನಡದಲ್ಲಿ ಬರೆಯಲಿ ಅಂತ ನಾನು ಕೇಳುತ್ತಿಲ್ಲ. ಹತ್ತನೇ ಕ್ಲಾಸಿನ ಮಗಳು ಓದಿ ಅಪ್ಪನಿಗೆ ಹೇಳುವಷ್ಟು ನೇರವಾಗಿ ಬರೆಯಲಿ, ಸಾಕು.

ಅಲ್ಲಿಯವರೆಗೆ ನಿಮ್ಮ ಕೈಲಾದದ್ದು ಮಾಡಿ. ಇಂಥ ಪತ್ರ ಬಂದರೆ ಮಡಚಿಡಬೇಡಿ. "ಮುಖ್ಯ ಕಾರಣ ಲಿಖಿತವಾಗಿ ತಿಳಿಸಿ" ಎಂದು ಬರೆದು ಶಾಖೆಗೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮೂವತ್ತು ದಿನ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಅವರು ಸಾಲ ಕೊಡಿಸುವುದಿಲ್ಲ, ಆದರೆ ಕಾರಣ ಯಾಕೆ ಕೊಡಲಿಲ್ಲ ಎಂದು ಕೇಳಬಲ್ಲರು. ಕ್ರೆಡಿಟ್ ರಿಪೋರ್ಟನ್ನೂ ಪ್ರತಿ ಕಂಪನಿಯಿಂದ ವರ್ಷಕ್ಕೊಮ್ಮೆ ಪುಕ್ಕಟೆ ತೆಗೆಯಬಹುದು, ತೆಗೆದು ನೋಡಿ. ಅದರಲ್ಲಿ ತಪ್ಪಿದ್ದು, ದೂರು ಕೊಟ್ಟ 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಆದೇಶವಾಗಿದೆ.

ಇನ್ನು ಪತ್ರ ಬರೆಯುವ ನನ್ನ ಸಹೋದ್ಯೋಗಿಗಳಿಗೆ: "ಇಲ್ಲ" ಅನ್ನಿಸಿಕೊಂಡವನು ಸಿಟ್ಟಾಗಬಹುದು, ಎರಡು ದಿನಕ್ಕೆ ಇಳಿಯುತ್ತದೆ. ಯಾಕೆ ಇಲ್ಲ ಅಂತ ಗೊತ್ತಾಗದವನು ಮಾತ್ರ ಬ್ಯಾಂಕಿಂದ ಬ್ಯಾಂಕಿಗೆ ಅಲೆದು, ಕೊನೆಗೆ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ. ಅಲ್ಲಿ ಯಾರೂ ವಿಷಾದಪತ್ರ ಕೊಡುವುದಿಲ್ಲ.