ಬೆಲ್ಟನ್ನು ಅಳೆಯದೆ ರೋಲರು ಬದಲಿಸುವವರು

ಗೇರಿಲ್ಲದ ಸ್ಕೂಟರಿನ ಓಟ ಕುಂದಿತೆಂದರೆ, ಅದರ ಕಾರಣವನ್ನು ಅರಸುವುದಕ್ಕೆ ಮುನ್ನವೇ ಹಗುರವಾದ ರೋಲರುಗಳನ್ನೂ ಗಡುಸಾದ ಸ್ಪ್ರಿಂಗನ್ನೂ 'ರೇಸಿಂಗ್' ಎಂಬ ವಿಶೇಷಣವನ್ನು ಹೊತ್ತ ಬೆಲ್ಟನ್ನೂ ತಂದು ಜೋಡಿಸುವ ಪರಿಪಾಟಿಯೊಂದು ನಮ್ಮ ನಗರಗಳ ತರುಣರಲ್ಲಿ ಈಚೆಗೆ ಬೇರೂರಿದೆ. ಸವೆದುದನ್ನು ಮೊದಲಿನ ಸ್ಥಿತಿಗೆ ತಾರದೆ ಅದರ ಮೇಲೆ ಸುಧಾರಣೆಯನ್ನು ಹೇರುವುದು ದ್ರವ್ಯದ ಅಪವ್ಯಯವೇ ಸರಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಸಮರ್ಥಿಸಬೇಕಾದರೆ ಆ ಯಂತ್ರದ ಅಂತರಂಗವನ್ನು ಕೊಂಚ ವಿವರವಾಗಿ ನೋಡಬೇಕಾಗುತ್ತದೆ.

ಸ್ಕೂಟರೆಂದರೆ ಎಡಗೈಯಿಂದ ಹಿಡಿಯನ್ನು ತಿರುವಿ ಗೇರು ಬದಲಿಸುವ ಬಜಾಜ್ ಚೇತಕ್ಕೇ ಎಂದು ಜನ ತಿಳಿದಿದ್ದ ಕಾಲದಲ್ಲಿ, 1984ರಲ್ಲಿ, ಕೈನೆಟಿಕ್ ಹೋಂಡಾ ನಮ್ಮ ದೇಶದ ರಸ್ತೆಗಿಳಿದು, ಗೇರು ಹಾಕುವ ಶ್ರಮವಿಲ್ಲದೆಯೂ ಸ್ಕೂಟರು ಓಡಬಲ್ಲುದೆಂಬುದನ್ನು ತೋರಿಸಿಕೊಟ್ಟಿತು. ವಿಧಾನವೇನೂ ಹೊಸದಲ್ಲ, ಹಾಲೆಂಡಿನ ಡಾಫ್ ಸಂಸ್ಥೆ 1958ರಲ್ಲಿಯೇ ತನ್ನ ಪುಟ್ಟ ಕಾರೊಂದರಲ್ಲಿ ರಬ್ಬರ್ ಬೆಲ್ಟಿನ ಇಂಥ ಚಾಲನಾಕ್ರಮವನ್ನು ಅಳವಡಿಸಿತ್ತು. ಹೋಂಡಾದ ಗೇರಿಲ್ಲದ ಸ್ಕೂಟರು ಆಕ್ಟಿವಾ ಬಂದದ್ದು 2000ದ ಹೊತ್ತಿಗೆ. 2013ರಲ್ಲಿ ಹೋಂಡಾ ಕಾರ್ಖಾನೆ ಕೋಲಾರ ಜಿಲ್ಲೆಯ ನರಸಾಪುರಕ್ಕೂ ಬಂದಿತು. ಇಷ್ಟು ಸಮೀಪದಲ್ಲಿ ತಯಾರಾಗುವ ವಾಹನವಾದರೂ ಅದರ ಎಡಮಗ್ಗುಲಿನ ಉದ್ದನೆಯ ಮುಚ್ಚಳದೊಳಗೆ ಏನಿದೆಯೆಂಬುದನ್ನು ಕಣ್ಣಾರೆ ಕಂಡ ಸವಾರರು ವಿರಳ.

ಮುಚ್ಚಳ ಬಿಚ್ಚಿದರೆ ಕಾಣುವುದು ಎರಡು ರಾಟೆಗಳು ಮತ್ತು ಅವುಗಳನ್ನು ಬಳಸಿ ನಿಂತ, ಒಳಮೈಗೆ ಹಲ್ಲುಗಳುಳ್ಳ, ಓರೆ ಅಂಚಿನ ಒಂದು ರಬ್ಬರ್ ಬೆಲ್ಟು. ಮುಂದಿನ ರಾಟೆ ಎಂಜಿನ್ನಿನ ಕ್ರ್ಯಾಂಕಿನ ತುದಿಗೆ ಕೂಡಿದೆ, ಹಿಂದಿನದು ಕ್ಲಚ್ಚಿನೊಡನೆ. ಒಂದೊಂದು ರಾಟೆಯೂ ಎದುರುಬದುರಾದ ಎರಡು ಓರೆ ತಟ್ಟೆಗಳಿಂದಾದುದು, ಅವುಗಳಲ್ಲೊಂದು ಅತ್ತಿತ್ತ ಸರಿಯಬಲ್ಲುದು. ಮುಂದಿನ ಸರಿಯುವ ತಟ್ಟೆಯ ಬೆನ್ನಿನಲ್ಲಿ ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ಎಂಜಿನ್ನಿನ ವೇಗ ಹೆಚ್ಚಿದಂತೆಲ್ಲ ಕೇಂದ್ರಾಪಗಾಮಿ ಬಲದಿಂದ ಈ ರೋಲರುಗಳು ಹೊರಕ್ಕೆ ಚಿಮ್ಮಿ, ತಮ್ಮ ಇಳಿಜಾರು ಹಾದಿಯನ್ನೇರಿ, ತಟ್ಟೆಯನ್ನು ಅದರ ಜೊತೆಯ ತಟ್ಟೆಯ ಕಡೆಗೆ ಒತ್ತಲು, ನಡುವಣ ಬೆಲ್ಟು ಮೇಲೇರಿ ದೊಡ್ಡ ವೃತ್ತದಲ್ಲಿ ಸುತ್ತತೊಡಗುತ್ತದೆ. ಬೆಲ್ಟಿನ ಉದ್ದವಾದರೋ ಬದಲಾಗದಾದ್ದರಿಂದ, ಹಿಂದಿನ ರಾಟೆಯಲ್ಲಿ ಅದು ಸ್ಪ್ರಿಂಗಿನ ಬಲವನ್ನು ಮೀರಿ ತಟ್ಟೆಗಳನ್ನು ಅಗಲಿಸಿ ಕೆಳಕ್ಕಿಳಿಯುತ್ತದೆ. ಗೇರಿಲ್ಲವೆನ್ನುತ್ತೇವೆ, ವಾಸ್ತವದಲ್ಲಿ ಎರಡು ಮಿತಿಗಳ ನಡುವೆ ಲೆಕ್ಕವಿಲ್ಲದಷ್ಟು ಗೇರುಗಳು ಇಲ್ಲಿವೆ. ಏರು ಎದುರಾದಾಗ ಹಿಂದಿನ ರಾಟೆಯಲ್ಲಿ ಕೊರೆದಿರುವ ಓರೆ ಸೀಳುಗಳು ಆ ಹೊರೆಯಿಂದಲೇ ತಟ್ಟೆಗಳನ್ನು ಬಿಗಿಗೊಳಿಸಿ, ಸವಾರನಿಗೆ ಅರಿವಿಲ್ಲದಂತೆ ಗೇರನ್ನು ಇಳಿಸಿಬಿಡುತ್ತವೆ. ಇಷ್ಟು ಸೂಕ್ಷ್ಮವಾದ ಸಮತೋಲನದಲ್ಲಿ ರೋಲರಿನ ತೂಕ, ಸ್ಪ್ರಿಂಗಿನ ಬಿಗಿ, ಬೆಲ್ಟಿನ ಅಗಲ ಇವು ಮೂರೂ ಪರಸ್ಪರ ಅಧೀನವಾಗಿದ್ದು, ಒಂದನ್ನು ಮುಟ್ಟಿದವನು ಉಳಿದೆರಡನ್ನೂ ಮುಟ್ಟಿದಂತೆಯೇ ಸರಿ.

ಬೆಲ್ಟು ಅಗಲದಲ್ಲಿ ಒಂದು ಮಿಲಿಮೀಟರಿನಷ್ಟು ಸವೆದರೂ ಸಾಕು, ಮುಂದಿನ ರಾಟೆಯಲ್ಲಿ ಅದು ಏರಬೇಕಾದ ಅಂಚಿನವರೆಗೆ ಏರಲಾರದೆ, ಎಂಜಿನ್ನು ಕೂಗುತ್ತಿದ್ದರೂ ಗಾಡಿ ಮುಂದಣ ವೇಗಕ್ಕೆ ಹೋಗದಾಗುತ್ತದೆ. ರೋಲರಿನ ಮೈ ಒಂದು ಕಡೆ ಚಪ್ಪಟೆಯಾಗಿದ್ದರೆ ಅದು ಉರುಳದೆ ತಡೆತಡೆದು ಜಾರುವುದರಿಂದ, ನಡುವೇಗದಲ್ಲಿ ಪಿಕಪ್ಪು ತಗ್ಗಿ ಗಾಡಿ ಎಳೆದಾಡಿದಂತಾಗುತ್ತದೆ. ಹೊರಡುವಾಗ ಗಡಗಡ ನಡುಗಿದರೆ ದೋಷ ಕ್ಲಚ್ಚಿನದು: ಅದರೊಳಗಿನ ಶೂಗಳ ಮೈ ಗಾಜಿನಂತೆ ಹೊಳಪೇರಿರುತ್ತದೆ, ಇಲ್ಲವೆ ಅವು ಒತ್ತುವ ಬಟ್ಟಲು ಕಾದು ನೀಲಿಗಟ್ಟಿರುತ್ತದೆ. ಸಿಗ್ನಲಿನಲ್ಲಿ ನಿಂತಾಗಲೂ ಚಕ್ರ ಮುಂದೊತ್ತುತ್ತಿದ್ದರೆ ಶೂಗಳ ಕಿರುಸ್ಪ್ರಿಂಗುಗಳು ಸೋತಿವೆಯೆಂದೋ, ಐಡ್ಲಿಂಗು ಮಿತಿಮೀರಿದೆಯೆಂದೋ ತಿಳಿಯಬೇಕು. ಎಲ್ಲಕ್ಕಿಂತಲೂ ಕೆಟ್ಟದ್ದು ಎಣ್ಣೆ. ಕ್ರ್ಯಾಂಕಿನ ಆಯಿಲ್ ಸೀಲೋ, ಹಿಂಗಾಲಿಯ ಗೇರ್ ಆಯಿಲಿನ ಸೀಲೋ ಸೋರಿ ಬೆಲ್ಟಿಗೆ ಜಿಡ್ಡು ಹತ್ತಿದ ಮೇಲೆ, ಸೀಲನ್ನು ಬಿಟ್ಟು ಬೆಲ್ಟನ್ನು ಮಾತ್ರ ಬದಲಿಸಿದವನ ಹೊಸ ಬೆಲ್ಟೂ ಬಹುಬೇಗ ಅದೇ ಗತಿಯನ್ನು ಕಾಣುತ್ತದೆ.

ಈ ದೋಷಗಳಲ್ಲಿ ಕೆಲವಕ್ಕೆ ನಾವೇ ಕಾರಣರು. ಬೆಂಗಳೂರಿನ ಮೇಲ್ಸೇತುವೆಗಳ ಏರಿನಲ್ಲಿ ವಾಹನಗಳ ಸಾಲು ನಿಂತಾಗ, ಬ್ರೇಕನ್ನು ಹಿಡಿಯುವುದರ ಬದಲು ಆಕ್ಸಿಲರೇಟರನ್ನು ಅರೆಬರೆ ತಿರುವಿ ಸ್ಕೂಟರು ಹಿಂದಕ್ಕೆ ಜಾರದಂತೆ ನಿಲ್ಲಿಸುವವರನ್ನು ದಿನವೂ ಕಾಣುತ್ತೇವೆ. ಆ ಹೊತ್ತಿನಲ್ಲೆಲ್ಲ ಕ್ಲಚ್ಚು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ, ತನ್ನ ಬಟ್ಟಲಿನೊಳಗೆ ಉಜ್ಜಿಕೊಂಡು ಸುಡುತ್ತಿರುತ್ತದೆಂಬ ಅರಿವು ಅವರಿಗಿರುವುದಿಲ್ಲ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿಗೆ ಇಳಿಸಿದರೆ ಬೆಲ್ಟಿರುವ ಪೆಟ್ಟಿಗೆಯೊಳಕ್ಕೆ ನೀರು ನುಗ್ಗಿ ಬೆಲ್ಟು ಜಾರುತ್ತದೆ.

ಇನ್ನು ಸುಧಾರಣೆಯ ಮಾತು. ಹಗುರ ರೋಲರು ಹಾಕಿದರೆ ತಟ್ಟೆಯನ್ನೊತ್ತಲು ಎಂಜಿನ್ನು ಇನ್ನೂ ವೇಗವಾಗಿ ತಿರುಗಬೇಕಾಗುವುದರಿಂದ ಗೇರು ತಡವಾಗಿ ಏರುತ್ತದೆ. ಸವಾರನಿಗೆ ಚುರುಕೆನಿಸುತ್ತದೆ, ಆದರೆ ಸದ್ದೂ ಪೆಟ್ರೋಲಿನ ವೆಚ್ಚವೂ ಏರುತ್ತವೆ, ಪರಮಾವಧಿ ವೇಗವು ಹೆಚ್ಚುವುದಿಲ್ಲ. ಗಡುಸು ಸ್ಪ್ರಿಂಗಿನಿಂದ ಬೆಲ್ಟಿನ ಹಿಡಿತ ಬಿಗಿಯಾದರೂ ಶಾಖವೂ ಸವೆತವೂ ಅದರೊಡನೆ ಬರುತ್ತವೆ. ಎಂಜಿನ್ನಿನ ಶಕ್ತಿಯನ್ನೇ ಹೆಚ್ಚಿಸಿಕೊಂಡವರಿಗಲ್ಲದೆ ಅದು ಉಳಿದವರಿಗೆ ಬೇಡದ ಹೊರೆ. ಹೀಗೆಂದು ಎಲ್ಲ ಮಾರ್ಪಾಡನ್ನೂ ನಿಷೇಧಿಸತಕ್ಕದ್ದೆಂಬ ವಾದ ನನ್ನದಲ್ಲ. ಮಡಿಕೇರಿಯಲ್ಲಿಯೋ ಚಿಕ್ಕಮಗಳೂರಿನ ತೋಟದ ಹಾದಿಗಳಲ್ಲಿಯೋ ಹಿಂಬದಿಯಲ್ಲಿ ಒಬ್ಬರನ್ನು ಕೂರಿಸಿಕೊಂಡು ನಿತ್ಯವೂ ಏರು ಹತ್ತಬೇಕಾದವನು ರೋಲರೊಂದಕ್ಕೆ ಒಂದು ಗ್ರಾಮಿನಷ್ಟು ತೂಕ ಇಳಿಸಿಕೊಳ್ಳುವುದು ಯುಕ್ತವೇ ಆಗಿದೆ. ಆದರೆ ಇಳಿಯುವಾಗಿನ ಸಂಗತಿಯನ್ನೂ ಅವನು ಅರಿತಿರಬೇಕು: ಆಕ್ಸಿಲರೇಟರನ್ನು ಸಂಪೂರ್ಣವಾಗಿ ಬಿಟ್ಟು ನಿಧಾನವಾಗಿ ಇಳಿದರೆ ಒಂದು ವೇಗಕ್ಕಿಂತ ಕೆಳಗೆ ಕ್ಲಚ್ಚು ಕಳಚಿಕೊಂಡು, ಎಂಜಿನ್ನಿನ ತಡೆ ಇಲ್ಲವಾಗಿ, ಭಾರವೆಲ್ಲವೂ ಬ್ರೇಕಿನ ಮೇಲೆ ಬೀಳುತ್ತದೆ. ತುಸು ಆಕ್ಸಿಲರೇಟರ್ ಕೊಟ್ಟರೆ ಕ್ಲಚ್ಚು ಮತ್ತೆ ಹಿಡಿದು ಆ ತಡೆ ಮರಳುತ್ತದೆ.

ಆದಕಾರಣ ಗ್ಯಾರೇಜಿನವರಲ್ಲಿ ನನ್ನ ಬೇಡಿಕೆ ಇಷ್ಟೆ: ಮುಚ್ಚಳ ತೆರೆದ ಮೇಲೆ ವರ್ನಿಯರ್ ಕ್ಯಾಲಿಪರನ್ನು ಹಿಡಿದು ಬೆಲ್ಟಿನ ಅಗಲ, ರೋಲರಿನ ವ್ಯಾಸ, ಶೂವಿನ ದಪ್ಪ ಇವುಗಳನ್ನು ಅಳೆದು, ಕಂಪನಿ ಗೊತ್ತುಪಡಿಸಿದ ಮಿತಿಯ ಪಕ್ಕದಲ್ಲಿಯೇ ಬಿಲ್ಲಿನ ಮೇಲೆ ಬರೆಯಲಿ. 'ಇಷ್ಟು ಕಿಲೋಮೀಟರ್ ಆಯಿತು, ಸೆಟ್ಟನ್ನೇ ಬದಲಾಯಿಸಿ' ಎಂಬ ಮಾತು ಪರೀಕ್ಷೆಯಲ್ಲ. ತೆಗೆದ ಭಾಗಗಳನ್ನು ಗ್ರಾಹಕನಿಗೆ ಮರಳಿಸುವ ಪದ್ಧತಿಯೂ ಬರಬೇಕು. ಬಿರುಕಿಲ್ಲದ ಹಳೆಯ ಬೆಲ್ಟು ಸೀಟಿನ ಕೆಳಗಿರುವುದು ದೂರದ ಪಯಣಕ್ಕೆ ಬಹಳ ಉಪಯುಕ್ತ, ಏಕೆಂದರೆ ಚಾರ್ಮಾಡಿ ಘಾಟಿಯಲ್ಲಿ ಬೆಲ್ಟು ತುಂಡಾದರೆ ಕೊಟ್ಟಿಗೆಹಾರದಲ್ಲೋ ಉಜಿರೆಯಲ್ಲೋ ಮೆಕ್ಯಾನಿಕ್ ಸಿಕ್ಕಾನು, ಅದೇ ಮಾದರಿಯ ಬೆಲ್ಟು ಸಿಕ್ಕೀತೆಂಬ ಭರವಸೆಯಿಲ್ಲ.